'ಹ್ಯಾಲೋವೀನ್' ಟೈಟಲ್ ಕಾರ್ಡ್: ಐದರ ತಾಳ ನನಗೆ ಅರ್ಥವಾದದ್ದು ಹೀಗೆ

ಹಾರರ್ ಸಿನಿಮಾಗಳ ಟೈಟಲ್ ಕಾರ್ಡ್ ಕಥೆ ಶುರುವಾಗುವ ಮೊದಲೇ ನಮ್ಮನ್ನು ಹೇಗೆ ಹೆದರಿಸುತ್ತದೆ? ಜಾನ್ ಕಾರ್ಪೆಂಟರ್ ಅವರ 1978ರ 'ಹ್ಯಾಲೋವೀನ್' ಹಿಡಿದು ಕೂತಿದ್ದೆ. ತಲೆಯಲ್ಲಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಪರದೆ ಪೂರ್ತಿ ಕಪ್ಪು. ಎಡಗಡೆ ಕಣ್ಣು, ಮೂಗು, ಬಾಯಿ ಕೆತ್ತಿದ ಒಂದು ಕುಂಬಳಕಾಯಿ, ಒಳಗೆ ದೀಪ. ಬಲಗಡೆ ಕಿತ್ತಳೆ ಬಣ್ಣದಲ್ಲಿ ಹೆಸರುಗಳು ಬಂದು ಹೋಗುತ್ತವೆ. ಕ್ಯಾಮೆರಾ ನಿಧಾನವಾಗಿ ಕುಂಬಳಕಾಯಿಯ ಹತ್ತಿರ ಸರಿಯುತ್ತದೆ. ರಕ್ತ ಇಲ್ಲ, ಚಾಕು ಇಲ್ಲ. ಆದರೂ ಎದೆ ಹೊಡೆದುಕೊಳ್ಳುತ್ತದೆ. ಕಾರಣ ಪಿಯಾನೋ.

ತಾಳ

ನಾನು ಎಡವಿದ್ದು ಇಲ್ಲೇ. ಈ ಸಂಗೀತ ಐದು ಎಣಿಕೆಯದು ಅಂತ ಓದಿದ್ದೆ. ಐದು ಅಂದರೆ ಕರ್ನಾಟಕ ಸಂಗೀತದ ಐದೆಣಿಕೆಯ ತಾಳ ಖಂಡ ಚಾಪು ಅಲ್ವಾ ಅಂದುಕೊಂಡು 'ತಕ ತಕಿಟ' (2 + 3) ಅಂತ ಕೈ ತಟ್ಟಿದೆ. ಕೂಡಲಿಲ್ಲ. ತಿರುಗಿಸಿ 'ತಕಿಟ ತಕ' ಅಂದೆ. ಅದೂ ಜಾರಿತು. ಎರಡು ಸಂಜೆ ಹೀಗೇ ಹೋಯಿತು.

ಕೊನೆಗೆ ಎಣಿಕೆಯನ್ನು ದುಪ್ಪಟ್ಟು ಮಾಡಿದೆ. ಐದರ ಬದಲು ಹತ್ತು. ಆಗ ಸಿಕ್ಕಿತು:

ತಕಿಟ ತಕಿಟ ತಕ ತಕ
3 + 3 + 2 + 2

ಪಿಯಾನೋದ ಮೇಲಿನ ಸ್ವರ ಬೀಳುವುದು 1, 4, 7, 9ನೇ ಎಣಿಕೆಗೆ. ಉಳಿದ ಜಾಗದಲ್ಲೆಲ್ಲ ಕೆಳಗಿನ ಒಂದೇ ಸ್ವರ. ಬಾಯಲ್ಲಿ ಹೇಳುತ್ತಾ ಆ ನಾಲ್ಕು ಕಡೆ ಮಾತ್ರ ತಟ್ಟಿ ನೋಡಿ. ಮೊದಲು ನಿಧಾನವಾಗಿ, ಆಮೇಲೆ ಹಾಡಿನ ಜೊತೆ.

ಈಗ ಭಯ ಎಲ್ಲಿದೆ ಅಂತ ಗೊತ್ತಾಗುತ್ತದೆ. ಎರಡು ಸಲ ಮೂರು ಕೇಳಿದ ಕಿವಿ ಮೂರನೇ ಸಲವೂ ಮೂರನ್ನೇ ಕಾಯುತ್ತದೆ. ಅಲ್ಲಿ ಒಂದು ಎಣಿಕೆ ಕಡಿಮೆ. ತಟ್ಟು ಬೇಗ ಬಂದುಬಿಡುತ್ತದೆ. ಕತ್ತಲಲ್ಲಿ ನಮ್ಮ ಹಿಂದೆ ನಡೆಯುತ್ತಿದ್ದವರು ಎರಡು ಹೆಜ್ಜೆ ಬಿರುಸಾಗಿ ಇಟ್ಟ ಹಾಗೆ. ಸುಧಾರಿಸಿಕೊಳ್ಳುವ ಮೊದಲೇ ಆವರ್ತ, ಅಂದರೆ ಹತ್ತು ಎಣಿಕೆಯ ಸುತ್ತು, ಮತ್ತೆ ಶುರು. ಇನ್ನೊಂದು ವಿಷಯ: 9ನೇ ಎಣಿಕೆಯಲ್ಲಿ ಮೇಲಿನ ಸ್ವರ ಒಂದು ಮನೆ ಮೇಲಕ್ಕೆ, ಅಂದರೆ ಹಾರ್ಮೋನಿಯಂನಲ್ಲಾದರೆ ಪಕ್ಕದ ಕೀಲಿಗೆ, ಏರುತ್ತದೆ. ಬೇಗ ಬಂದ ತಟ್ಟೇ ಚುಚ್ಚುವ ತಟ್ಟು ಕೂಡ. ನಾಲ್ಕರ ತಾಳದಲ್ಲಿ ಇದೇ ಸ್ವರಗಳನ್ನು ಹಾಕಿ ಹಾಡಿಕೊಂಡೆ. ಸುಮ್ನೆ ಒಂದು ಮಕ್ಕಳ ರಾಗದ ಹಾಗಾಯಿತು!

ಈ ಸಂಗೀತವನ್ನೂ ತಾವೇ ಮಾಡಿದ ಕಾರ್ಪೆಂಟರ್‌ಗೆ ಐದರ ತಾಳ ಹೇಳಿಕೊಟ್ಟದ್ದು ಅವರ ಅಪ್ಪ, ಬೊಂಗೊ ಎಂಬ ಪುಟ್ಟ ಜೋಡಿ ಡ್ರಮ್ ಮೇಲೆ ಬಾರಿಸಿ. ಆ ಅಪ್ಪ ಸಂಗೀತದ ಪ್ರಾಧ್ಯಾಪಕರು. ಸಂಗೀತ ಸೇರಿಸುವ ಮೊದಲು ಚಿತ್ರ ನೋಡಿದ ಸ್ಟುಡಿಯೋದವರೊಬ್ಬರು ಸ್ವಲ್ಪವೂ ಹೆದರಲಿಲ್ಲ ಅಂತ ಕಾರ್ಪೆಂಟರ್ ಅವರೇ ಹೇಳಿಕೊಂಡಿದ್ದಾರೆ. ತಾಳ ಬಿಡಿಸಿದ ಮೇಲೆ ನನಗೆ ಆ ಮಾತು ಪೂರ್ತಿ ನಿಜ ಅನ್ನಿಸಿತು.

ಕ್ಯಾಮೆರಾ

ಕೊನೆಗೆ ಕ್ಯಾಮೆರಾ ಕುಂಬಳಕಾಯಿಯ ಒಂದು ಕಣ್ಣಿನವರೆಗೂ ಹೋಗುತ್ತದೆ. ಮುಂದಿನ ದೃಶ್ಯದಲ್ಲಿ ಕ್ಯಾಮೆರಾವೇ ಒಬ್ಬರ ಕಣ್ಣಾಗಿ ಒಂದು ಮನೆಯನ್ನು ಹೊರಗಿನಿಂದ ಇಣುಕುತ್ತದೆ. ಅಂದರೆ ಕಣ್ಣಿನೊಳಗೆ ಹೋಗುವುದನ್ನು ಟೈಟಲ್ ಮೊದಲೇ ಅಭ್ಯಾಸ ಮಾಡಿಸಿರುತ್ತದೆ. ಯಾರ ಕಣ್ಣು ಅಂತ ಇಲ್ಲಿ ಬರೆಯುವುದಿಲ್ಲ, ನೋಡದವರು ನೋಡಿ.

ಹೋಲಿಸಲು

ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ 'ದ ಶೈನಿಂಗ್' (1980). ಬೆಟ್ಟದ ರಸ್ತೆಯಲ್ಲಿ ಪುಟ್ಟ ಹಳದಿ ಕಾರು, ಮೇಲಿನಿಂದ ಹೆಲಿಕಾಪ್ಟರ್ ಹಿಂಬಾಲಿಸುತ್ತದೆ. ಹಿನ್ನೆಲೆಯಲ್ಲಿ 'ದಿಯೇಸ್ ಇರೇ' ರಾಗ, ಲ್ಯಾಟಿನ್‌ನಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ ಹಳೆಯ ಪ್ರಾರ್ಥನೆ. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಉರುಳುತ್ತವೆ, ಸಿನಿಮಾ ಮುಗಿದ ಮೇಲೆ ಉರುಳುವ ಹಾಗೆ. ಕಾರಿನಲ್ಲಿ ಇರುವವನು ಇನ್ನೂ ಕೆಲಸದ ಸಂದರ್ಶನಕ್ಕೆ ಹೊರಟಿದ್ದಾನೆ ಅಷ್ಟೆ.