ಹೊಸ ಪಿಯಾನೊ ಕೊಳ್ಳುವ ಮುನ್ನ ಹಳೆಯದರ ಅಂಕಿ ನೋಡಿ

ನನ್ನ ಹತ್ತಿರ ಹಾಡಿನ ಮಿಕ್ಸಿಂಗ್‌ಗೆ ಬರುವ ಕೀಬೋರ್ಡ್ ಹುಡುಗರಲ್ಲಿ ಹೆಚ್ಚಿನವರ ದೂರು ಒಂದೇ: "ಸರ್, ಪಿಯಾನೊ ಪ್ಲಾಸ್ಟಿಕ್ ಥರ ಕೇಳಿಸ್ತಿದೆ. ಯಾವ ಲೈಬ್ರರಿ ತಗೊಳ್ಳಲಿ?" ಅವರು ಹೇಳುತ್ತಿರುವುದು ಕಂಪ್ಯೂಟರ್‌ನಲ್ಲಿ ನುಡಿಯುವ ಪಿಯಾನೊ ಸಾಫ್ಟ್‌ವೇರ್ ಬಗ್ಗೆ; ಲೈಬ್ರರಿ ಅಂದರೆ ನಿಜವಾದ ಪಿಯಾನೊದ ಸ್ವರಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್‌ಗಳ ಸಂಗ್ರಹ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಜಿಬಿ ಲೆಕ್ಕ ಶುರುಮಾಡಿರುತ್ತಾರೆ. ಸ್ಯಾಂಪಲ್ಲೇ ಇಲ್ಲದೆ ಗಣಿತದಿಂದ ನಾದ ಹುಟ್ಟಿಸುವ ಪಿಯಾನೊಟೆಕ್ ಸುಮಾರು 50 ಎಂಬಿ ಅಷ್ಟೇ ಎಂದರೆ ನಂಬುವುದಿಲ್ಲ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಇರುವ ಪಿಯಾನೊದಲ್ಲೇ ನಿಮ್ಮ ಕೈಲಾದಷ್ಟು ಮೆಲ್ಲಗೆ ಶುರುಮಾಡಿ, ಕೈಲಾದಷ್ಟು ಜೋರಿನವರೆಗೆ ನುಡಿಸಿ ರೆಕಾರ್ಡ್ ಮಾಡಿ. ಆಮೇಲೆ ಪಿಯಾನೊ ರೋಲ್‌ನಲ್ಲಿ, ಅಂದರೆ ನುಡಿಸಿದ ಸ್ವರಗಳನ್ನು ಪಟ್ಟಿಗಳಾಗಿ ತೋರಿಸುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಪರದೆಯಲ್ಲಿ, ವೆಲಾಸಿಟಿ ಓದಿ. ಕೀ ಎಷ್ಟು ವೇಗವಾಗಿ ಇಳಿಯಿತು ಅನ್ನುವುದನ್ನು ಕೀಬೋರ್ಡ್ 1ರಿಂದ 127ರೊಳಗಿನ ಅಂಕಿಯಾಗಿ ಕಳಿಸುತ್ತದೆ. ಆ ಅಂಕಿ ನೋಡಿ ಸಾಫ್ಟ್‌ವೇರ್ ತನ್ನ ಪದರಗಳಲ್ಲಿ (ಒಂದೇ ಸ್ವರವನ್ನು ಬೇರೆ ಬೇರೆ ಜೋರಿನಲ್ಲಿ ನುಡಿಸಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ) ಒಂದನ್ನು ಆರಿಸುತ್ತದೆ. ಯಮಾಹ ಸಿ5 ಗ್ರ್ಯಾಂಡ್‌ನಿಂದ ಮಾಡಿದ, ಉಚಿತವಾಗಿ ಸಿಗುವ ಸಲಮಾಂಡರ್ ಲೈಬ್ರರಿಯಲ್ಲಿ ಇಂಥ ಪದರಗಳು 16. ಸಮನಾಗಿ ಹಂಚಿದರೆ ಪದರಕ್ಕೆ ಹೆಚ್ಚುಕಡಿಮೆ 8 ಅಂಕಿ. ನಿಮ್ಮ ಕೈ 50ರಿಂದ 90ರೊಳಗೇ ಸುತ್ತುತ್ತಿದ್ದರೆ ನುಡಿಯುವುದು ಐದಾರು ಪದರ. ಉಳಿದ ಹತ್ತು ಡಿಸ್ಕ್‌ನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಇನ್ನೂ ದೊಡ್ಡ ಲೈಬ್ರರಿ ತಂದರೆ ಸುಮ್ಮನೆ ಬಿದ್ದಿರುವವು ಹೆಚ್ಚುತ್ತವೆ.

"ವಾಲ್ಯೂಮ್ ಫೇಡರ್ ಏರಿಸಿದರೆ ಆಯ್ತಲ್ಲ ಸರ್?" ಆಗುವುದಿಲ್ಲ! ಇದನ್ನು ಎಷ್ಟು ಸಲ ಹೇಳಿದ್ದೇನೋ. ಜೋರಾಗಿ ಬಡಿದಾಗ ಸುತ್ತಿಗೆಯ ಫೆಲ್ಟ್ ಅಮುಕಿಕೊಂಡು ಗಟ್ಟಿಯಾಗುತ್ತದೆ, ತಂತಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆಗೇ ಏಳುವ ಎತ್ತರದ ನಾದಗಳು) ಹೆಚ್ಚು ಏಳುತ್ತವೆ. ಸ್ವರದ ಬಣ್ಣವೇ ಬದಲಾಗುತ್ತದೆ. ಪಿಸುಮಾತಿಗೆ ಎಷ್ಟು ವಾಲ್ಯೂಮ್ ಕೊಟ್ಟರೂ ಅದು ಕೂಗಾಗುತ್ತದೆಯೇ?

ಹೋದ ಮಳೆಗಾಲದಲ್ಲಿ ಧಾರವಾಡದಿಂದ ಒಬ್ಬರು ಭಾವಗೀತೆಯೊಂದನ್ನು ಹಿಡಿದು ಬಂದಿದ್ದರು. ಮೂರನೆಯ ಪಿಯಾನೊ ಕೊಂಡಾಗಿತ್ತು. "ಚರಣದಾಗ ಏಳವಲ್ದು ನೋಡ್ರಿ" ಅಂದರು. ಅಂಕಿ ನೋಡಿದರೆ ಒಂದೂ 84 ದಾಟಿರಲಿಲ್ಲ. ಮಾತಾಡುತ್ತಾ ತಿಳಿಯಿತು, ಅವರದು ಚಿಕ್ಕಂದಿನಿಂದ ಹಾರ್ಮೋನಿಯಂ ಕೈ. ಅಲ್ಲಿ ದನಿ ಏರುವುದು ತಿದಿಯಿಂದ, ಬಲಗೈ ಬೆರಳಿಗೆ ಭಾರ ಹಾಕುವ ಪ್ರಮೇಯವೇ ಇಲ್ಲ. ಎಂಥ ಸೊಗಸಾದ ಕೈ ಅದು, ಗಮಕಗಳೆಲ್ಲ ಹತ್ತಿ ಬಿಡಿಸಿದಷ್ಟು ಹಗುರ! ಆದರೆ ಪಿಯಾನೊ ಕೇಳುವುದು ಬೇರೆಯದನ್ನು.

ವೆಲಾಸಿಟಿ ಕರ್ವ್, ಅಂದರೆ ಕೈಯ ಎಷ್ಟು ವೇಗಕ್ಕೆ ಎಷ್ಟು ಅಂಕಿ ಅನ್ನುವ ಹೊಂದಾಣಿಕೆಯನ್ನು, ಸ್ವಲ್ಪ ಎತ್ತಿಕೊಟ್ಟೆ. ಎಲ್ಲ ಕೀಬೋರ್ಡ್‌ಗೂ ಇದು ಒಗ್ಗುತ್ತದೆಂದು ಭರವಸೆ ಕೊಡಲಾರೆ. ತೀರಾ ಎಳೆದರೆ ಒಂದು ಸ್ವರ ಮೆತ್ತಗೆ, ಪಕ್ಕದ್ದು ಧಡ್ ಎಂದು ಬೀಳುತ್ತದೆ. ಆಗ ನಿಜವಾದ ಪಿಯಾನೊದ ಹಾಗೆ ತೂಕದ ಕೀಗಳಿರುವ ಕೀಬೋರ್ಡ್‌ಗೆ ದುಡ್ಡು ಹಾಕುವುದೇ ಮೇಲು.

ಅವರ ಮೂರೂ ಪಿಯಾನೊಗಳನ್ನು ಹಾಡಿನ ಜೊತೆಗೇ, ತಬಲಾ-ಡಗ್ಗಾ ನುಡಿಯುತ್ತಿರುವಾಗಲೇ ಕೇಳಿದೆವು. ಒಂಟಿಯಾಗಿ ಕೇಳಿದಾಗ ಮನಸೋಲಿಸುವ ದೊಡ್ಡ ಹಾಲ್‌ನ ಗ್ರ್ಯಾಂಡ್, ಮಂದ್ರದಲ್ಲಿ ಡಗ್ಗಾದ ಮೈಮೇಲೇ ಬಿತ್ತು. ಚರಣವನ್ನು ಅವರು ಮತ್ತೆ ನುಡಿಸಿದರು. ಮೂರನೆಯ ಸಾಲಿಗೆ ಅಂಕಿ 108ಕ್ಕೆ ಏರಿತು, ಅವರು ಕೀಬೋರ್ಡ್‌ನಿಂದ ಕೈ ತೆಗೆದು ನನ್ನ ಮುಖ ನೋಡಿದರು. ಆ ಟೇಕ್‌ನಲ್ಲಿ ನುಡಿದದ್ದು ಅವರು ಮೊಟ್ಟಮೊದಲು ಕೊಂಡಿದ್ದ ಪಿಯಾನೊ.