ಒಂದು ದಿನದ ತರಬೇತಿಯಿಂದ ವೈದ್ಯರು ಏನು ಕಲಿತಾರು?

ಪ್ರಶ್ನೆ: ನಮ್ಮ ಕುಟುಂಬ ವೈದ್ಯರು ಚರ್ಮರೋಗಗಳ ಬಗ್ಗೆ ಒಂದು ದಿನದ ತರಬೇತಿ ಮುಗಿಸಿ ಬಂದಿದ್ದಾರೆ. ಅಷ್ಟರಲ್ಲಿ ಏನು ಕಲಿಯಲು ಸಾಧ್ಯ? ನೇರವಾಗಿ ಚರ್ಮತಜ್ಞರ ಹತ್ತಿರ ಹೋಗುವುದೇ ಒಳ್ಳೆಯದಲ್ಲವೇ?

ಉತ್ತರ: ಒಂದು ದಿನದಲ್ಲಿ ಯಾರೂ ಚರ್ಮತಜ್ಞರಾಗುವುದಿಲ್ಲ, ನಿಜ. ಆದರೆ ಸಾಮಾನ್ಯ ವೈದ್ಯರ ಬಳಿ ಬರುವ ಚರ್ಮದ ತೊಂದರೆಗಳಲ್ಲಿ ಹೆಚ್ಚಿನವು ಕೆಲವೇ ಕಾಯಿಲೆಗಳು: ಹುಳುಕಡ್ಡಿ, ಕಜ್ಜಿ, ಇಸುಬು, ಕೀವುಗುಳ್ಳೆ, ಮೊಡವೆ. ಇಷ್ಟನ್ನು ಸರಿಯಾಗಿ ಗುರುತಿಸಿ, ಯಾವುದು ತಮ್ಮ ಕೈಮೀರಿದ್ದು ಎಂದು ತಿಳಿದರೂ ಸಾಕಷ್ಟಾಯಿತು.

ಮಾಲಿ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಇಂಥದ್ದೇ ಚಿಕ್ಕ ತರಬೇತಿ ಕೊಟ್ಟರು. ಸ್ಪಷ್ಟ ರೋಗನಿರ್ಣಯ, ಸರಿಯಾದ ಚಿಕಿತ್ಸೆ ಎರಡೂ ಸಿಕ್ಕ ರೋಗಿಗಳ ಪ್ರಮಾಣ ಶೇ. 42ರಿಂದ ಶೇ. 81ಕ್ಕೆ ಏರಿತು. 18 ತಿಂಗಳ ನಂತರವೂ ಅದು ಇಳಿಯಲಿಲ್ಲ. ಔಷಧಿಯ ಖರ್ಚೂ ಸುಮಾರು ಕಾಲು ಭಾಗ ಕಡಿಮೆಯಾಯಿತು.

ಖರ್ಚಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏನೆಂದು ಖಚಿತವಾಗದಿದ್ದಾಗ ಬರೆದುಕೊಡುವುದು ಸಾಮಾನ್ಯವಾಗಿ ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಬೆರೆತ ಮುಲಾಮು; ಬೇಡದ ಔಷಧಿಗೂ ದುಡ್ಡು ಹೋಗುತ್ತದೆ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ತಗ್ಗುತ್ತದೆ, ರೋಗಿಗೆ ಸಮಾಧಾನ. ಒಳಗೆ ನಡೆಯುವುದೇ ಬೇರೆ: ಸ್ಟೀರಾಯ್ಡ್ ಚರ್ಮದ ರಕ್ಷಣಾಶಕ್ತಿಯನ್ನು ಕುಗ್ಗಿಸುತ್ತದೆ, ಶಿಲೀಂಧ್ರ ಹರಡುತ್ತದೆ, ಉಂಗುರದಂಥ ಅಂಚು ಅಳಿಸಿಹೋಗಿ ಮುಂದೆ ನೋಡುವ ತಜ್ಞರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ತರಬೇತಾದ ವೈದ್ಯರು ಮೊದಲು ಆ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಶಿಲೀಂಧ್ರ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತುರಿಕೆ ಎಂದು ಬಂದವರನ್ನು ‘ರಾತ್ರಿ ಹೆಚ್ಚಾಗುತ್ತದೆಯೇ, ಮನೆಯಲ್ಲಿ ಇನ್ನಾರಿಗಿದೆ?’ ಎಂದು ಕೇಳುತ್ತಾರೆ. ಕಜ್ಜಿಯಾದರೆ ಮನೆಮಂದಿಗೆಲ್ಲ ಒಟ್ಟಿಗೇ ಔಷಧಿ ಕೊಡದೆ ಅದು ಹೋಗುವುದಿಲ್ಲ. ಬಿಳಿಚಿದ ಮಚ್ಚೆ ಕಂಡರೆ ಹತ್ತಿ ಮುಟ್ಟಿಸಿ ಸ್ಪರ್ಶಜ್ಞಾನ ಪರೀಕ್ಷಿಸುತ್ತಾರೆ. ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠ ಇರಬಹುದು; ಅದನ್ನು ಬೇಗ ಹಿಡಿದರೆ ನರಗಳು ಉಳಿಯುತ್ತವೆ.

ಚರ್ಮದ ಕ್ಯಾನ್ಸರ್ ವಿಷಯದಲ್ಲೂ ಇದು ಕಂಡಿದೆ. ಬಾರ್ಸಿಲೋನಾ ಮತ್ತು ನೇಪಲ್ಸ್‌ನ 73 ವೈದ್ಯರಿಗೆ ಒಂದು ದಿನದ ಪಾಠ ಮಾಡಿ, ಅರ್ಧದಷ್ಟು ಜನರಿಗೆ ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯನ್ನೂ ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅನುಮಾನಾಸ್ಪದ ಮಚ್ಚೆಗಳಲ್ಲಿ ಬರಿಗಣ್ಣಿನವರು ಶೇ. 54ರಷ್ಟನ್ನು ಗುರುತಿಸಿದರೆ ಉಪಕರಣ ಹಿಡಿದವರು ಶೇ. 79ರಷ್ಟನ್ನು ಗುರುತಿಸಿದರು. ಪಾಠ ಇಬ್ಬರಿಗೂ ಒಂದೇ ಆಗಿತ್ತು ಎಂಬುದನ್ನು ಗಮನಿಸಿ. ಕಲಿಕೆಯ ಜೊತೆಗೆ ಉಪಕರಣವೂ ಬೇಕು.

ನನ್ನದೊಂದು ತಕರಾರಿದೆ. ಬಿಳಿ ಚರ್ಮದ ಚಿತ್ರಗಳನ್ನಷ್ಟೇ ತೋರಿಸುವ ತರಬೇತಿ ಅರ್ಧ ತರಬೇತಿ. ಕಪ್ಪು ಚರ್ಮದಲ್ಲಿ ಉರಿಯೂತ ಕೆಂಪಾಗಿ ಕಾಣದೆ ಕಂದಾಗಿ, ನೇರಳೆಯಾಗಿ ಕಾಣಬಹುದು.

ಹಾಗಾಗಿ ಮೊದಲು ನಿಮ್ಮ ವೈದ್ಯರಿಗೇ ತೋರಿಸಿ. ಜ್ವರದೊಂದಿಗೆ ಗುಳ್ಳೆಗಳೆದ್ದು ಬಾಯಿ, ಕಣ್ಣು ಹುಣ್ಣಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ. ಮಚ್ಚೆಯ ಆಕಾರ, ಬಣ್ಣ ಬದಲಾಗುತ್ತಿದ್ದರೆ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಮುಲಾಮು ಬರೆದುಕೊಟ್ಟಾಗ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಸ್ಟೀರಾಯ್ಡ್ ಇದೆಯೇ? ಎಷ್ಟು ದಿನ ಹಚ್ಚಬೇಕು?