ಮಧುಮೇಹಿಗಳಿಗೆ ಕಿಣ್ವದ ಮಾತ್ರೆ: ಯಾರಿಗೆ ಬೇಕು, ಯಾರಿಗೆ ಬೇಡ

ಊಟದ ನಂತರದ ಸಕ್ಕರೆ ಇಳಿಯಲೆಂದು ನಾನು ಅಕಾರ್ಬೋಸ್ ಮಾತ್ರೆ ಬರೆದುಕೊಟ್ಟಿದ್ದ ರೋಗಿಯೊಬ್ಬರು ಮೂರು ತಿಂಗಳ ಬಳಿಕ ಬಂದಾಗ, ರಕ್ತಪರೀಕ್ಷೆಯ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಮಾತ್ರೆಯನ್ನು ಅವರು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕೆದಕಿ ಕೇಳಿದಾಗ ಕಾರಣ ತಿಳಿಯಿತು: ಆ ಮಾತ್ರೆಯಿಂದ ಹೊಟ್ಟೆ ಉಬ್ಬರಿಸಿ ವಾಯು ಹೆಚ್ಚಾಗಿದ್ದರಿಂದ, ಪ್ರತಿ ಊಟದ ಮೇಲೂ ಜೀರ್ಣಕ್ಕೆಂದು ಕಿಣ್ವಗಳ (ಎಂಜೈಮ್, ಅಂದರೆ ಆಹಾರವನ್ನು ಒಡೆಯುವಂಥ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು) ಸಿರಪ್ಪನ್ನು ಎರಡು ಚಮಚ ಕುಡಿಯುತ್ತಿದ್ದರು. ಅಕಾರ್ಬೋಸ್‌ನ ಕೆಲಸವೇ ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ಕರುಳಿನಲ್ಲಿ ತಡೆದು, ಸಕ್ಕರೆಯು ನಿಧಾನವಾಗಿ ರಕ್ತಕ್ಕೆ ಸೇರುವಂತೆ ಮಾಡುವುದು. ಸಿರಪ್ಪಿನಲ್ಲಿದ್ದುದು ಪಿಷ್ಟವನ್ನು ಒಡೆಯುವ ಅಮೈಲೇಸ್. ಇಂಥ ಕಿಣ್ವಗಳು ಅಕಾರ್ಬೋಸ್‌ನ ಪರಿಣಾಮವನ್ನು ತಗ್ಗಿಸಬಲ್ಲವು, ಆದ್ದರಿಂದ ಇವೆರಡನ್ನೂ ಜೊತೆಯಾಗಿ ಕೊಡಬಾರದು. ನನ್ನನ್ನು ಕೇಳದೆ ಬೇರೆ ಏನನ್ನೂ ಸೇರಿಸಿಕೊಳ್ಳಬೇಡಿ ಎಂದು ಮೊದಲ ಭೇಟಿಯಲ್ಲೇ ಹೇಳದೇ ಹೋದದ್ದು ನನ್ನ ತಪ್ಪು. ಸಿರಪ್ಪನ್ನು ಔಷಧಿಯೆಂದು ಅವರು ಎಣಿಸಿರಲೇ ಇಲ್ಲ.

ಕಿಣ್ವವೆಂದರೆ ದೇಹಕ್ಕೆ ಒಳ್ಳೆಯದು, ಅದನ್ನು ಹೆಚ್ಚಿಸಿಕೊಂಡರೆ ಇನ್ನೂ ಒಳ್ಳೆಯದು ಎಂಬ ಭಾವನೆ ಎಲ್ಲೆಡೆ ಇದೆ. ಆದರೆ ಮಧುಮೇಹದ ಚಿಕಿತ್ಸೆಯಲ್ಲಿ ನಾವು ದಿನವೂ ಬರೆಯುವ ಮದ್ದುಗಳಲ್ಲಿ ಹಲವು ಕಿಣ್ವಗಳನ್ನು ತಡೆಯುವಂಥವೇ. ರಕ್ತದೊತ್ತಡ ಇಳಿಸಿ ಮೂತ್ರಪಿಂಡವನ್ನು ಕಾಯುವ, ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಎಂದಿರುವ ಮಾತ್ರೆಗಳು ಒಂದು ಕಿಣ್ವಕ್ಕೆ ಅಡ್ಡ ನಿಲ್ಲುತ್ತವೆ; ‘ಗ್ಲಿಪ್ಟಿನ್’ ಎಂದಿರುವವು ಇನ್ನೊಂದಕ್ಕೆ; ಕೊಬ್ಬಿಗೆಂದು ಕೊಡುವ ಸ್ಟ್ಯಾಟಿನ್ ಮತ್ತೊಂದಕ್ಕೆ. ಅದಲ್ಲದೆ ಕಣ್ಣು, ನರ, ಮೂತ್ರಪಿಂಡಗಳಿಗೆ ಆಗುವ ಹಾನಿಯ ಒಂದು ಮುಖ್ಯ ಭಾಗಕ್ಕೆ ಕಿಣ್ವದ ನೆರವೇ ಬೇಕಿಲ್ಲ. ರಕ್ತದಲ್ಲಿ ಹೆಚ್ಚಾದ ಗ್ಲೂಕೋಸ್ ಪ್ರೋಟೀನುಗಳಿಗೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಹೀಮೋಗ್ಲೋಬಿನ್‌ಗೆ ಹಾಗೆ ಅಂಟಿಕೊಂಡದ್ದನ್ನೇ ನಾವು, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಎಂದು ಅಳೆಯುತ್ತೇವೆ. ಕಿಣ್ವದ ಕೊರತೆಯಿಂದ ಹುಟ್ಟದ ಈ ಹಾನಿಯನ್ನು ಕಿಣ್ವ ನುಂಗಿ ಸರಿಪಡಿಸಲು ಹೊರಡುವುದು, ಬೇರಿಗೆ ಬಿದ್ದ ಹುಳುವಿಗೆ ಎಲೆಯ ಮೇಲೆ ಮದ್ದು ಚಿಮುಕಿಸಿದಂತೆ.

ಬಾಯಿಂದ ನುಂಗಿದ ಕಿಣ್ವಕ್ಕೆ ಇನ್ನೊಂದು ತೊಡಕಿದೆ. ಕಿಣ್ವವೂ ಒಂದು ಪ್ರೋಟೀನು. ಜಠರದ ಆಮ್ಲ ಮತ್ತು ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಅದನ್ನು ಉಳಿದ ಆಹಾರದಂತೆಯೇ ಕಾಣುತ್ತವೆ. ಆಮ್ಲಕ್ಕೆ ಕರಗದ ಲೇಪನ ಹಚ್ಚಿದರೆ ಅದು ಕರುಳಿನವರೆಗೆ ತಲುಪುತ್ತದೆ, ಆದರೆ ಅಲ್ಲಿಂದ ರಕ್ತಕ್ಕೆ ದಾಟಿ ಅಕ್ಷಿಪಟಲದಲ್ಲೋ ಪಾದದ ನರದಲ್ಲೋ ಮಧುಮೇಹದ ಹಾನಿಯನ್ನು ತಡೆಯುತ್ತದೆಂಬುದಕ್ಕೆ ನಂಬಲರ್ಹ ಪುರಾವೆ ಇಲ್ಲ. ಊತಕ್ಕೆಂದು ದಶಕಗಳ ಕಾಲ ಬರೆದುಕೊಡಲಾದ ಸೆರಾಶಿಯೋಪೆಪ್ಟಿಡೇಸ್ ಎಂಬ ಕಿಣ್ವದ ಕಥೆ ಇಲ್ಲಿ ನೆನಪಿಡತಕ್ಕದ್ದು. ಜಪಾನಿನಲ್ಲಿ ಅದನ್ನು ತಯಾರಿಸುತ್ತಿದ್ದ ಟಕೇಡಾ ಕಂಪನಿಯೇ, ಹುಸಿಮಾತ್ರೆಗಿಂತ ಅದು ಮೇಲೆಂದು ಪರೀಕ್ಷೆಯಲ್ಲಿ ತೋರಿಸಲಾಗದೆ, 2011ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಹುದುಗಿಸಿದ ಸೋಯಾದಿಂದ ತೆಗೆಯುವ ನ್ಯಾಟೋಕೈನೇಸ್ ಎಂಬ ಕಿಣ್ವದ ಬಗ್ಗೆ ನನಗೆ ಹೆಚ್ಚಿನ ಆತಂಕವಿದೆ. ರಕ್ತವನ್ನು ತೆಳುವಾಗಿಸುತ್ತದೆ, ಹೃದಯಾಘಾತ ತಡೆಯುತ್ತದೆ ಎಂಬ ಮಾತಿಗೆ ಮರುಳಾಗಿ ಅದನ್ನು ಕೊಳ್ಳುವವರು ಬಹುಮಟ್ಟಿಗೆ ಆಗಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿರುವವರು. ಕೆಲವರು ವಾರ್ಫರಿನ್ ಕೂಡ. ಮಧುಮೇಹದಿಂದ ಕಣ್ಣಿನ ಒಳಗೆ ದುರ್ಬಲವಾದ ಹೊಸ ರಕ್ತನಾಳಗಳು ಹುಟ್ಟಿರುವವರಲ್ಲಿ ರಕ್ತಸ್ರಾವದ ಭಯ ಮೊದಲೇ ಇರುತ್ತದೆ. ವೈದ್ಯರಿಗೆ ತಿಳಿಸದೆ ಇದನ್ನು ಸೇರಿಸಿಕೊಳ್ಳಬೇಡಿ. ಶಸ್ತ್ರಚಿಕಿತ್ಸೆ ಹತ್ತಿರವಿದ್ದರಂತೂ ಮುಟ್ಟಲೇಬೇಡಿ.

ಇನ್ನು ಕೋಎಂಜೈಮ್ ಕ್ಯೂ10. ಹೆಸರಿನಲ್ಲಿ ಎಂಜೈಮ್ ಇದ್ದರೂ ಅದು ಕಿಣ್ವವಲ್ಲ, ಕಿಣ್ವದ ಜೊತೆಗಾರ. ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಅದರ ಮಟ್ಟ ಇಳಿಯುವುದು ನಿಜ, ಆದರೆ ಪೂರಕವಾಗಿ ಕೊಟ್ಟರೆ ಮಧುಮೇಹದ ತೊಡಕು ತಪ್ಪುತ್ತದೆಂದು ಹೇಳುವ ಸ್ಥಿತಿಯಲ್ಲಿ ನಾವಿಲ್ಲ. ಇದೇ ಬಗೆಯ ಜೊತೆಗಾರ ವಿಟಮಿನ್ ಬಿ12 ಮಾತ್ರ ನಿಜಕ್ಕೂ ಗಮನ ಕೊಡಬೇಕಾದದ್ದು. ಸಕ್ಕರೆ ಇಳಿಸುವ ಮೆಟ್ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಆಗ ಬರುವ ಪಾದದ ಜೋಮು, ಉರಿಗಳು ಮಧುಮೇಹದ ನರದೌರ್ಬಲ್ಯವನ್ನೇ ಹೋಲುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ, ಸುಲಭವಾಗಿ ತುಂಬಿಕೊಡಬಹುದಾದ ಈ ಕೊರತೆಯನ್ನು ಬದಿಗಿಟ್ಟು ದುಬಾರಿ ಡಬ್ಬಿಗಳ ಹಿಂದೆ ಬೀಳುವವರನ್ನು ಕಂಡಾಗ ಬೇಸರವಾಗುತ್ತದೆ.

ಪಾದದ ಹುಣ್ಣಿನಲ್ಲಿ ಕಿಣ್ವಕ್ಕೆ ಸಣ್ಣದೊಂದು ಪಾತ್ರವಿದೆ, ಆದರೆ ಅದು ಹೊರಗಿನಿಂದ. ಕೊಲಾಜಿನೇಸ್ ಎಂಬ ಕಿಣ್ವದ ಮುಲಾಮು ಸತ್ತ ಅಂಗಾಂಶವನ್ನು ಸಡಿಲಗೊಳಿಸಿ ಹುಣ್ಣನ್ನು ಶುಚಿಗೊಳಿಸಲು ನೆರವಾಗುತ್ತದೆ. ಬೆಳ್ಳಿಯ ಅಂಶವಿರುವ ಮದ್ದುಗಳೊಂದಿಗೆ ಹಚ್ಚಿದರೆ ಅದರ ಶಕ್ತಿ ಕುಂದುತ್ತದೆ. ಹುಣ್ಣಿನ ಮೇಲಿನ ಭಾರ ಇಳಿಸುವುದು, ರಕ್ತಸಂಚಾರ ಪರೀಕ್ಷಿಸುವುದು, ಸೋಂಕಿಗೆ ಚಿಕಿತ್ಸೆ ಕೊಡುವುದು ಇವುಗಳ ಬದಲಿಗೆ ಮುಲಾಮನ್ನು ನೆಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ.

ಹಾಗಾದರೆ ಕಿಣ್ವದ ಮಾತ್ರೆ ನಿಜವಾಗಿ ಬೇಕಾದ ಮಧುಮೇಹಿ ಯಾರು? ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳ ದ್ವೀಪಗಳು ಅತ್ಯಲ್ಪ ಭಾಗ. ಉಳಿದದ್ದೆಲ್ಲ ಬಹುಪಾಲು ಜೀರ್ಣಕಿಣ್ವಗಳ ಕಾರ್ಖಾನೆ. ದೀರ್ಘಕಾಲದ ಉರಿಯೂತದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಗ್ರಂಥಿಯೇ ಹಾಳಾದಾಗ ಎರಡೂ ಕೆಡುತ್ತವೆ. ಇಂಥ ಮಧುಮೇಹವನ್ನು 3ಸಿ ಬಗೆ ಎನ್ನುತ್ತೇವೆ. ಎಷ್ಟೋ ಬಾರಿ ಇದು ಎರಡನೇ ಬಗೆಯದೆಂದೇ (ಟೈಪ್ 2) ದಾಖಲಾಗಿಬಿಡುತ್ತದೆ. ತೂಕ ಕರಗುತ್ತಿದ್ದು, ಮಲ ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿ, ನೀರು ಹಾಕಿದರೂ ಸುಲಭವಾಗಿ ತೊಳೆದುಹೋಗದಂತಿದ್ದರೆ ಅನುಮಾನಪಡಬೇಕು. ಈ ಗ್ರಂಥಿಯ ಕಿಣ್ವವಾದ ಎಲಾಸ್ಟೇಸ್ ಮಲದಲ್ಲಿ ಎಷ್ಟಿದೆಯೆಂದು ಅಳೆಯುವ ಪರೀಕ್ಷೆಯಿದೆ: ಪ್ರತಿ ಗ್ರಾಮಿಗೆ 200 ಮೈಕ್ರೋಗ್ರಾಮಿಗಿಂತ ಕಡಿಮೆಯಾದರೆ ಕೊರತೆಯ ಶಂಕೆ, 100ಕ್ಕಿಂತ ಕೆಳಗಿದ್ದರೆ ಕೊರತೆ ತೀವ್ರವಾಗಿರುವ ಸಾಧ್ಯತೆ ಹೆಚ್ಚು. ಆದರೆ ನೀರಾಗಿ ಹೋಗುವ ಭೇದಿಯಿದ್ದಾಗ ಈ ಅಂಕಿ ಸುಳ್ಳಾಗಿಯೇ ಇಳಿಯುತ್ತದೆ. ಮಧುಮೇಹಿಯ ಭೇದಿ ಮೆಟ್ಫಾರ್ಮಿನ್‌ನಿಂದಲೂ, ಊಟದ ನಂತರದ ಹೊಟ್ಟೆಭಾರ ಜಠರದ ನರಗಳು ಸೋತದ್ದರಿಂದಲೂ ಇರಬಹುದು. ಅವುಗಳಿಗೆ ಕಿಣ್ವ ಮದ್ದಲ್ಲ.

ಕೊರತೆ ಖಚಿತವಾದವರಿಗೆ ಕೊಡುವ ಪ್ಯಾಂಕ್ರಿಯಾಟಿನ್ ಎಂಬ ಜೀರ್ಣಕಿಣ್ವಗಳ ಮಿಶ್ರಣ ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಇದನ್ನು ರೋಗಿಗೆ ಮೊದಲೇ ಹೇಳುವುದು ನಮ್ಮ ಕರ್ತವ್ಯ. ವಯಸ್ಕರಿಗೆ ಮುಖ್ಯ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಯೂನಿಟ್ ಲೈಪೇಸ್ (ಕೊಬ್ಬನ್ನು ಒಡೆಯುವ ಕಿಣ್ವ), ಲಘು ಉಪಾಹಾರಕ್ಕೆ ಅದರ ಅರ್ಧದಿಂದ ಆರಂಭಿಸುತ್ತೇವೆ. ಮಾತ್ರೆಯನ್ನು ಬರಿ ಹೊಟ್ಟೆಗಲ್ಲ, ಉಣ್ಣುತ್ತಿರುವಾಗಲೇ ನುಂಗಬೇಕು, ಏಕೆಂದರೆ ಅದು ಅನ್ನದ ಜೊತೆಗೇ ಕರುಳಿಗೆ ಇಳಿಯಬೇಕು. ಕೊಬ್ಬಿನೊಂದಿಗೇ ಮೈಗೆ ಸೇರುವ ಎ, ಡಿ, ಇ, ಕೆ ವಿಟಮಿನ್ನುಗಳ ಕೊರತೆಯನ್ನೂ ನೋಡಬೇಕಾಗುತ್ತದೆ.

ಈ ಚಿಕಿತ್ಸೆ ಫಲಿಸಿದಾಗ ರೋಗಿಗಳು ಗಾಬರಿಯಾಗುವ ಸಂದರ್ಭವೊಂದಿದೆ. ಹಿಂದೆ ಜೀರ್ಣವಾಗದೆ ಹೊರಹೋಗುತ್ತಿದ್ದ ಆಹಾರ ಈಗ ಮೈಗೆ ಸೇರತೊಡಗುವುದರಿಂದ ತೂಕದ ಜೊತೆಗೆ ರಕ್ತದ ಸಕ್ಕರೆಯೂ ಏರಬಹುದು. ಕಿಣ್ವದಿಂದ ಸಕ್ಕರೆ ಹೆಚ್ಚಾಯಿತೆಂದು ಮಾತ್ರೆ ಬಿಟ್ಟವರು ನನ್ನಲ್ಲಿಗೆ ಮರಳಿ ಬಂದಿದ್ದಾರೆ, ಮೊದಲಿಗಿಂತ ಸೊರಗಿ. ಅಲ್ಲಿ ಬದಲಿಸಬೇಕಾದದ್ದು ಇನ್ಸುಲಿನ್‌ನ ಪ್ರಮಾಣವನ್ನು. ಆದ್ದರಿಂದ ಕಿಣ್ವ ಆರಂಭಿಸಿದ ಮೊದಲ ವಾರಗಳಲ್ಲಿ ಊಟದ ಮುಂಚೆಯೂ ನಂತರವೂ ಸಕ್ಕರೆ ಅಳೆದು ಬರೆದಿಟ್ಟುಕೊಂಡು, ಆ ಪುಸ್ತಕವನ್ನು ಮುಂದಿನ ಭೇಟಿಗೆ ತರಲು ಹೇಳುತ್ತೇನೆ.